ಆರ್ಸೆನಿಕ್ ಸೇರಿದರೆ ಸಾಯುವ ಬ್ಯಾಕ್ಟೀರಿಯಾ ಅದನ್ನು ಇನ್ನೂ ಜಾಸ್ತಿ ವಿಷ ಮಾಡಿಕೊಳ್ಳುವುದು ಯಾಕೆ?

ಕಣಿವೆ ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಓದುತ್ತಿದ್ದೇನೆ. ಊರು ಚಿತ್ರದುರ್ಗದ ಹತ್ತಿರ, ಇಂಗಳದಾಳ್ ತಾಮ್ರದ ಗಣಿ ಇತ್ತಲ್ಲ, ಆ ಕಡೆ. ಮುಂದಿನ ವಾರ ನನ್ನ ಸೆಮಿನಾರ್ ಇದೆ, ವಿಷಯ ಬ್ಯಾಕ್ಟೀರಿಯಾಗಳಲ್ಲಿ ಆರ್ಸೆನಿಕ್ ನಿರೋಧ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ನೀರಲ್ಲಿ ಆರ್ಸೆನಿಕ್ ಮುಖ್ಯವಾಗಿ ಎರಡು ರೂಪದಲ್ಲಿ ಇರುತ್ತದೆ. ಒಂದು ಆರ್ಸೆನೇಟ್, ಇನ್ನೊಂದು ಆರ್ಸೆನೈಟ್. ಎರಡರಲ್ಲಿ ಆರ್ಸೆನೈಟೇ ಜಾಸ್ತಿ ವಿಷ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಹಾಗಿದ್ದಮೇಲೆ ಈ. ಕೋಲಿ ಯಾಕೆ ಒಳಗೆ ಬಂದ ಆರ್ಸೆನೇಟನ್ನು ಆರ್ಸ್-ಸಿ ಅನ್ನೋ ಕಿಣ್ವ ಬಳಸಿ ಆರ್ಸೆನೈಟ್ ಮಾಡಿಕೊಳ್ಳುತ್ತದೆ? ಆಮೇಲೆ ಅದನ್ನು ಆರ್ಸ್-ಬಿ ಪಂಪಿನಿಂದ ಹೊರಗೆ ಹಾಕುತ್ತದೆ ಅನ್ನೋದು ಸರಿ, ಆದರೆ ಬಂದ ಆರ್ಸೆನೇಟನ್ನೇ ಹಾಗೇ ಹೊರಗೆ ಹಾಕಿದ್ದರೆ ಆಗುತ್ತಿತ್ತಲ್ವಾ? ಕಡಿಮೆ ವಿಷವನ್ನು ಮನೆಯೊಳಗೇ ಜಾಸ್ತಿ ವಿಷ ಮಾಡಿಕೊಂಡು ಹೊರಗೆ ದಬ್ಬುವುದರಲ್ಲಿ ಏನು ಲಾಭ? ನೋಟ್ಸ್‌ನಲ್ಲಿ ಒಂದೇ ಸಾಲು ಇದೆ, ಯಾಕೆ ಅನ್ನೋದು ಎಲ್ಲೂ ಇಲ್ಲ.

ಇನ್ನೊಂದು ಪ್ರಶ್ನೆ ಮನೆಯದು. ನಾನು ಇದನ್ನು ಓದುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಅಪ್ಪ ಕೇಳಿದರು, ಗಣಿ ಸೀಮೆ ನಮ್ಮದು, ನಮ್ಮ ಬೋರ್‌ವೆಲ್ ನೀರಲ್ಲಿ ಇದು ಇದ್ದರೆ ಊರಿನ ಶುದ್ಧ ನೀರಿನ ಘಟಕದಲ್ಲಿ ಹೋಗುತ್ತದಾ ಅಂತ. ಗೊತ್ತಿದ್ದವರು ಎರಡಕ್ಕೂ ಹೇಳಿ.

ಹೊಳಲ್ಕೆರೆ ಕಿಣ್ವ

ಪ್ರಶ್ನೆ ತುಂಬಾ ಚೆನ್ನಾಗಿದೆ. ಇದಕ್ಕೆ ಒಂದೇ ಸಾಲಲ್ಲಿ ಉತ್ತರ ಹೇಳಿದರೆ ಮೋಸ ಆಗುತ್ತದೆ, ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಹೊಳಲ್ಕೆರೆ ಕಡೆಯವನು, ಕಿಣ್ವಗಳ ಮೇಲೇ ಕೆಲಸ ಮಾಡುವುದು.

ಮೊದಲು ಎರಡೂ ರೂಪ ಜೀವಕೋಶಕ್ಕೆ ಏನು ಮಾಡುತ್ತವೆ ಅಂತ ಬೇರೆ ಬೇರೆ ನೋಡಬೇಕು. ಎರಡರ ದಾರಿಯೇ ಬೇರೆ. ಅದನ್ನು ಕಲೆಸಿಬಿಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆವರ್ತ ಕೋಷ್ಟಕದಲ್ಲಿ ಆರ್ಸೆನಿಕ್ ರಂಜಕದ, ಅಂದರೆ ಫಾಸ್ಫರಸ್‌ನ, ನೇರ ಕೆಳಗೆ ಕೂತಿದೆ. ಹಾಗಾಗಿ ಆರ್ಸೆನೇಟ್ ನೋಡಲು ಫಾಸ್ಫೇಟ್ ಥರಾನೇ ಇರುತ್ತದೆ. ಆಕಾರ ಅದೇ, ನೀರಲ್ಲಿ ಹೊರುವ ವಿದ್ಯುದಂಶವೂ ಹೆಚ್ಚುಕಡಿಮೆ ಅದೇ, ಬಂಧಗಳು ಮಾತ್ರ ಸ್ವಲ್ಪ ಉದ್ದ. ಫಾಸ್ಫೇಟ್ ಒಳಗೆ ತರಲು ಬ್ಯಾಕ್ಟೀರಿಯಾ ಇಟ್ಟುಕೊಂಡ ಬಾಗಿಲಿಂದಲೇ ಇದೂ ನುಗ್ಗುತ್ತದೆ. ಒಳಗೆ ಬಂದಮೇಲೆ ಗ್ಲೂಕೋಸ್ ಒಡೆಯುವ ಸರಣಿಯಲ್ಲಿ, ಗ್ಲಿಸರಾಲ್ಡಿಹೈಡ್-ಮೂರು-ಫಾಸ್ಫೇಟ್ ಡಿಹೈಡ್ರೋಜಿನೇಸ್ ಅನ್ನೋ ಕಿಣ್ವದ ಹತ್ತಿರ, ಫಾಸ್ಫೇಟ್ ಸೇರಬೇಕಾದ ಜಾಗಕ್ಕೆ ಇದು ಸೇರಿಕೊಳ್ಳುತ್ತದೆ. ಕಿಣ್ವಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಹುಟ್ಟಿದ ವಸ್ತು ನಿಲ್ಲುವುದಿಲ್ಲ, ನೀರು ತಾಗಿದ ಕ್ಷಣದಲ್ಲೇ ಒಡೆದುಹೋಗುತ್ತದೆ. ಮುಂದಿನ ಹೆಜ್ಜೆಯಲ್ಲಿ ಬರಬೇಕಿದ್ದ ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ನಾಣ್ಯ, ಬರುವುದೇ ಇಲ್ಲ. ಭತ್ತದ ರಾಶಿಯಲ್ಲಿ ಜೊಳ್ಳು ಇದ್ದ ಹಾಗೆ, ಹೊರಗಿಂದ ಕಾಳೇ, ಒಳಗೆ ಅಕ್ಕಿ ಇಲ್ಲ. ಗ್ಲೂಕೋಸ್ ಖರ್ಚಾಗುತ್ತಲೇ ಇರುತ್ತದೆ, ಶಕ್ತಿ ಮಾತ್ರ ಸಿಗುವುದಿಲ್ಲ.

ಆರ್ಸೆನೈಟ್ ಹಾಗಲ್ಲ. ಇದಕ್ಕೆ ಗಂಧಕದ ಮೇಲೆ ಕಣ್ಣು. ಪ್ರೋಟೀನ್‌ಗಳಲ್ಲಿ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಇರುವ ಕಡೆ ಗಂಧಕ ಇರುತ್ತದಲ್ಲ, ಅಂಥ ಎರಡು ಗಂಧಕ ಹತ್ತಿರ ಹತ್ತಿರ ಇದ್ದರೆ ಎರಡನ್ನೂ ಸೇರಿಸಿ ಹಿಡಿದು ಕೂರುತ್ತದೆ. ಅತಿ ಕೆಟ್ಟ ಹೊಡೆತ ಬೀಳುವುದು ಪೈರುವೇಟ್ ಡಿಹೈಡ್ರೋಜಿನೇಸ್ ಮೇಲೆ. ಆ ಕಿಣ್ವದಲ್ಲಿ ಲೈಪೋಯಿಕ್ ಆಮ್ಲದ ಒಂದು ತೋಳು ಇದೆ, ತುದಿಯಲ್ಲಿ ಎರಡು ಗಂಧಕ. ಆರ್ಸೆನೈಟ್ ಅದನ್ನು ಹಿಡಿದರೆ ತೋಳು ಆಡುವುದಿಲ್ಲ, ಗ್ಲೂಕೋಸ್ ಒಡೆದು ಬಂದ ಪೈರುವೇಟ್ ಮುಂದಕ್ಕೆ ಹೋಗುವುದಿಲ್ಲ, ಶಕ್ತಿ ತೆಗೆಯುವ ಕ್ರೆಬ್ಸ್ ಚಕ್ರಕ್ಕೆ ಸರಕು ಬರುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ರುಡಾಲ್ಫ್ ಪೀಟರ್ಸ್ ತಂಡ ಇದೇ ತಿಳುವಳಿಕೆ ಇಟ್ಟುಕೊಂಡು ಲೂಯಿಸೈಟ್ ಅನ್ನೋ ಆರ್ಸೆನಿಕ್ ಯುದ್ಧವಿಷಕ್ಕೆ ಮದ್ದು ಮಾಡಿತು. ಒಂದೇ ಅಣುವಿನಲ್ಲಿ ಪಕ್ಕಪಕ್ಕ ಎರಡು ಗಂಧಕ ಇಟ್ಟರು, ಆರ್ಸೆನಿಕ್ ಕಿಣ್ವವನ್ನು ಬಿಟ್ಟು ಈ ಮದ್ದಿಗೆ ಅಂಟಿಕೊಂಡಿತು. ಡೈಮರ್ಕ್ಯಾಪ್ರಾಲ್ ಅಂತ ಅದಕ್ಕೆ ಹೆಸರು, ಈಗಲೂ ಔಷಧವಾಗಿ ಬಳಕೆಯಲ್ಲಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆರ್ಸೆನೇಟ್ ಹೊರಗೆ ಹಾಕುವ ಪಂಪ್ ಒಂದಿದೆ ಅಂದುಕೊಳ್ಳಿ. ಜೀವಕೋಶದ ಒಳಗೆ ಫಾಸ್ಫೇಟ್ ತುಂಬಿ ತುಳುಕುತ್ತಿರುತ್ತದೆ, ಆರ್ಸೆನೇಟ್ ಅದರ ಮುಂದೆ ಚೂರೇ ಚೂರು. ಆ ಪಂಪ್ ಒಂದಕ್ಕೊಂದು ತಪ್ಪು ತಿಳಿದುಕೊಂಡರೆ ವಿಷದ ಜೊತೆ ಬದುಕಲು ಬೇಕಾದ ಫಾಸ್ಫೇಟೂ ಸೋರಿಹೋಗುತ್ತದೆ. ಆರ್ಸೆನೈಟ್‌ಗೆ ಆ ತೊಂದರೆ ಇಲ್ಲ, ಅದು ಫಾಸ್ಫೇಟ್ ಥರ ಕಾಣುವುದಿಲ್ಲ. ಗುರುತು ಹಿಡಿಯಲು ಗಂಧಕ ಸಾಕು. ಆರ್ಸ್-ಆರ್ ಅನ್ನೋ ಕಾವಲು ಪ್ರೋಟೀನ್ ಇದೆಯಲ್ಲ, ಡಿಎನ್‌ಎ ಮೇಲೆ ಕೂತು ಈ ಜೀನ್‌ಗಳನ್ನು ಮುಚ್ಚಿಟ್ಟಿರುವುದು, ಅದೂ ಮೂರು ಸಿಸ್ಟೀನ್‌ಗಳಿಂದಲೇ ಆರ್ಸೆನೈಟ್ ಹಿಡಿಯುತ್ತದೆ. ಹಿಡಿದ ತಕ್ಷಣ ಆಕಾರ ಬದಲಾಗಿ ಡಿಎನ್‌ಎಯಿಂದ ಕಳಚಿಕೊಳ್ಳುತ್ತದೆ, ಆಗ ಪಂಪೂ ಕಿಣ್ವವೂ ತಯಾರಾಗುತ್ತವೆ. ಅಂದರೆ ವ್ಯವಸ್ಥೆಯಲ್ಲಿ ಅಲಾರಂ ಹೊಡೆಯುವುದೂ ಆರ್ಸೆನೈಟ್‌ಗೇ, ಹೊರಗೆ ಹೋಗುವುದೂ ಆರ್ಸೆನೈಟೇ. ಆರ್ಸ್-ಸಿ ಮಾಡುವ ಕೆಲಸ ಇಷ್ಟೇ, ಗುರುತು ಸಿಗದ್ದನ್ನು ಗುರುತು ಸಿಗುವ ಹಾಗೆ ಮಾಡುವುದು. ಅಷ್ಟು ಹೊತ್ತು ಅದು ಜಾಸ್ತಿ ವಿಷ, ನಿಜ. ಆದರೆ ಪಂಪ್ ಪಕ್ಕದಲ್ಲೇ ಕಾಯುತ್ತಿರುತ್ತದೆ. ಆರ್-೭೭೩ ಅನ್ನೋ ಪ್ಲಾಸ್ಮಿಡ್‌ನಲ್ಲಂತೂ (ಮುಖ್ಯ ಡಿಎನ್‌ಎ ಬಿಟ್ಟು ಬೇರೆ ಇರುವ ಚಿಕ್ಕ ಡಿಎನ್‌ಎ ಉಂಗುರ) ಆರ್ಸ್-ಡಿ ಅನ್ನೋ ಪ್ರೋಟೀನ್ ಆರ್ಸೆನೈಟನ್ನು ಕೈಯಿಂದ ಕೈಗೆ ಆರ್ಸ್-ಎಗೆ ಒಪ್ಪಿಸುತ್ತದೆ, ಆರ್ಸ್-ಎ ಎಟಿಪಿ ಖರ್ಚು ಮಾಡಿ ಆರ್ಸ್-ಬಿ ಮೂಲಕ ಹೊರಗೆ ತಳ್ಳುತ್ತದೆ. ಮಧ್ಯೆ ಅದು ಸುಮ್ನೆ ಅಲೆದಾಡಲು ಬಿಡುವುದಿಲ್ಲ.

ಇನ್ನೊಂದು ಕಾರಣ ಇತಿಹಾಸದ್ದು. ನನಗೆ ಇದೇ ಜಾಸ್ತಿ ಇಷ್ಟ. ನಮ್ಮ ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಬಂಡೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಹಾಕಿದ್ದಾರೆ. ಸುಮಾರು 250 ಕೋಟಿ ವರ್ಷ ಹಳೆಯವು. ನೀರಿನ ಅಡಿಯಲ್ಲಿ ಲಾವಾ ಉಕ್ಕಿ, ಹೊರಮೈ ತಟ್ಟನೆ ತಣ್ಣಗಾಗಿ, ಒಂದರ ಮೇಲೊಂದು ದುಂಡಗೆ ಕೂತಿವೆ. ಆ ನೀರಲ್ಲೂ ಗಾಳಿಯಲ್ಲೂ ಆಮ್ಲಜನಕ ಇರಲಿಲ್ಲ ಅನ್ನಬಹುದಾದಷ್ಟು ಕಡಿಮೆ. ಗಾಳಿಗೆ ಆಮ್ಲಜನಕ ಸೇರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕೂ ಮುಂಚೆ ಸಮುದ್ರದಲ್ಲಿದ್ದ ಆರ್ಸೆನಿಕ್ ಹೆಚ್ಚಿನದು ಆರ್ಸೆನೈಟ್. ಆಗಿನ ಜೀವಿಗಳಿಗೆ ಬೇಕಿದ್ದದ್ದು ಆರ್ಸೆನೈಟ್ ಪಂಪ್, ಅದನ್ನೇ ಕಟ್ಟಿಕೊಂಡವು. ಆಮ್ಲಜನಕ ಬಂದಮೇಲೆ ಆರ್ಸೆನೇಟ್ ಜಾಸ್ತಿ ಆಯಿತು. ಹೊಸ ಪಂಪ್ ಕಟ್ಟುವ ಬದಲು ಹಳೇ ಪಂಪಿನ ಮುಂದೆ ಒಂದು ಕಿಣ್ವ ಸೇರಿಸಿಕೊಂಡರೆ ಕೆಲಸ ಮುಗಿಯಿತು. ಈ ರೂಪ ಬದಲಿಸುವ ಕಿಣ್ವ ಜೀವಜಗತ್ತಿನಲ್ಲಿ ಒಂದೇ ಸಲ ಹುಟ್ಟಿದ್ದಲ್ಲ. ಈ. ಕೋಲಿಯದು ಒಂದು ಮನೆತನ, ಸ್ಟ್ಯಾಫಿಲೋಕಾಕಸ್‌ನದು ಇನ್ನೊಂದು, ಯೀಸ್ಟ್‌ನದು ಮತ್ತೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ, ಮಾಡುವ ಕೆಲಸ ಮಾತ್ರ ಒಂದೇ. ಸೆಮಿನಾರಿನಲ್ಲಿ ಇದನ್ನು ಹೇಳಲೇಬೇಕು. ಬೇರೆ ಬೇರೆ ಕಡೆ ಬೇರೆ ಬೇರೆ ಕಿಣ್ವ ಇದೇ ಉಪಾಯಕ್ಕೆ ಬಂದು ನಿಂತಿದೆ ಅಂದರೆ ಅದರಲ್ಲಿ ಲಾಭ ಇದ್ದೇ ಇದೆ.

ಕಣಿವೆ ಹುಡುಗಿ

ತುಂಬಾ ಥ್ಯಾಂಕ್ಸ್ ಸರ್. ಮರಡಿಹಳ್ಳಿ ನಮಗೆ ಹತ್ತಿರವೇ, ಆ ಬಂಡೆಗಳ ಫೋಟೋ ಮೊದಲ ಸ್ಲೈಡ್‌ಗೆ ಹಾಕುತ್ತೇನೆ. ಒಂದು ಅನುಮಾನ ಉಳಿದಿದೆ. ಆರ್ಸೆನೇಟನ್ನು ನೇರವಾಗಿ ಹೊರಗೆ ಹಾಕುವ ಒಂದು ಜೀವಿಯೂ ಇಲ್ವಾ? ಯಾರಾದರೂ ಕೇಳಿಯೇ ಕೇಳುತ್ತಾರೆ.

ಹೊಳಲ್ಕೆರೆ ಕಿಣ್ವ

ಇದೆ, ಆದರೆ ಅದೂ ನೇರ ಅಲ್ಲ, ಅದೇ ಅದರ ಚಂದ. ಮೇಲೆ ಹೇಳಿದ ಗ್ಲೂಕೋಸ್ ಸರಣಿಯ ಕಿಣ್ವ ನೆನಪಿದೆಯಲ್ಲ, ಆರ್ಸೆನೇಟ್ ಸೇರಿಸಿಕೊಂಡು ಕೂಡಲೇ ಒಡೆಯುವ ವಸ್ತು ಹುಟ್ಟಿಸುವುದು. ಸ್ಯೂಡೋಮೋನಾಸ್ ಏರುಜಿನೋಸಾ ಬ್ಯಾಕ್ಟೀರಿಯಾದಲ್ಲಿ ಆ ವಸ್ತುವನ್ನೇ ಹೊರಗೆ ಸಾಗಿಸುವ ಆರ್ಸ್-ಜೆ ಅನ್ನೋ ಪ್ರೋಟೀನ್ 2016ರಲ್ಲಿ ಗೊತ್ತಾಯಿತು. ಒಳಗೆ ಒಡೆಯುವುದಕ್ಕೆ ಮುಂಚೆ ಹೊರಗೆ ತಳ್ಳುತ್ತದೆ, ಹೊರಗೆ ಹೋಗಿ ಒಡೆದು ಮತ್ತೆ ಆರ್ಸೆನೇಟ್ ಆಗುತ್ತದೆ. ಇಲ್ಲೂ ಆರ್ಸೆನೇಟ್‌ಗೆ ಮೊದಲು ಒಂದು ಗುರುತು ಅಂಟಿಸಿಯೇ ಹೊರಗೆ ಹಾಕಿದ್ದು. ಬರೀ ಆರ್ಸೆನೇಟ್ ಗುರುತು ಹಿಡಿದು ಹೊರಗೆ ಹಾಕುವ ಪಂಪ್ ನಾನಂತೂ ಓದಿಲ್ಲ.

ಆರ್ಸ್-ಸಿ ಜೊತೆ ಇನ್ನೊಂದು ಕಿಣ್ವವನ್ನು ಗೊಂದಲ ಮಾಡಿಕೊಳ್ಳಬೇಡಿ. ಅದರ ಹೆಸರು ಆರ್-ಎ. ಕೆಲಸ ಒಂದೇ, ಆರ್ಸೆನೇಟನ್ನು ಆರ್ಸೆನೈಟ್ ಮಾಡುವುದು. ಆದರೆ ಉದ್ದೇಶ ಪೂರ್ತಿ ಬೇರೆ. ಆಮ್ಲಜನಕ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾ ಆರ್ಸೆನೇಟನ್ನೇ ಉಸಿರಾಡುತ್ತವೆ, ನಾವು ಆಮ್ಲಜನಕ ಬಳಸುವ ಜಾಗದಲ್ಲಿ ಅದನ್ನು ಬಳಸಿ ಶಕ್ತಿ ಪಡೆಯುತ್ತವೆ. ಇದಕ್ಕೆ ತದ್ವಿರುದ್ಧ ದಾರಿಯೂ ಇದೆ. 1918ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗ್ರೀನ್ ಅನ್ನುವವರು ದನಗಳ ಉಣ್ಣೆ ಸಾಯಿಸಲು ಆರ್ಸೆನಿಕ್ ಕಲೆಸಿದ ತೊಟ್ಟಿಯಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ತೊಟ್ಟಿಯ ಆರ್ಸೆನೈಟ್ ಆರ್ಸೆನೇಟ್ ಆಗಿ ಮದ್ದಿನ ಬಲ ಇಳಿಯುತ್ತಿದ್ದುದಕ್ಕೆ ಅದೇ ಕಾರಣ. ಆ ಕೆಲಸ ಮಾಡುವ ಕಿಣ್ವದ ನಡುವೆ ಮಾಲಿಬ್ಡಿನಂ ಇರುತ್ತದೆ. ಕೆಲವು ಬ್ಯಾಕ್ಟೀರಿಯಾ ಹೀಗೆ ಬರುವ ಎಲೆಕ್ಟ್ರಾನ್‌ಗಳಿಂದಲೇ ಹೊಟ್ಟೆ ಹೊರೆಯುತ್ತವೆ.

ಹಿರಿಯೂರು ಡಾಕ್ಟ್ರು

ಬ್ಯಾಕ್ಟೀರಿಯಾ ಬಗ್ಗೆ ಮೇಲೆ ಚೆನ್ನಾಗಿ ಬರೆದಿದ್ದಾರೆ. ಮನುಷ್ಯರ ಜೀವಕೋಶ ಏನು ಮಾಡುತ್ತದೆ ಅಂತ ನಾನು ಸೇರಿಸುತ್ತೇನೆ, ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವ ವೈದ್ಯ.

ನಮ್ಮ ಮೈಯಲ್ಲಿ ಆರ್ಸ್-ಬಿ ಥರದ ಪಂಪ್ ಇಲ್ಲ. ಆರ್ಸೆನೈಟ್ ನಮ್ಮ ಜೀವಕೋಶಕ್ಕೆ ನುಗ್ಗುವುದು ಗ್ಲಿಸರಾಲ್ ಹೋಗುವ ಕಾಲುವೆಗಳಿಂದ, ಆಕ್ವಾಪೋರಿನ್ ಏಳು ಮತ್ತು ಒಂಬತ್ತು. ಯಕೃತ್ತಿನಲ್ಲಿ ಒಂಬತ್ತನೆಯದು ಜಾಸ್ತಿ. ಯಕೃತ್ತಿಗೆ ಬಂದಮೇಲೆ ಅಲ್ಲಿರುವ ಒಂದು ಕಿಣ್ವ ಅದಕ್ಕೆ ಮೀಥೈಲ್ ಗುಂಪು ಅಂಟಿಸುತ್ತದೆ. ಎಎಸ್-ತ್ರೀ-ಎಂಟಿ ಅಂತ ಹೆಸರು. ಒಂದು ಮೀಥೈಲ್, ಆಮೇಲೆ ಎರಡನೆಯದು. ಎರಡು ಅಂಟಿದ್ದು ಮೂತ್ರದಲ್ಲಿ ಸಲೀಸಾಗಿ ಹೊರಗೆ ಹೋಗುತ್ತದೆ. ಇಲ್ಲೂ ನಿಮ್ಮ ಪ್ರಶ್ನೆಯೇ ಎದುರಾಗುತ್ತದೆ ನೋಡಿ. ಒಂದು ಮೀಥೈಲ್ ಅಂಟಿದ ಮಧ್ಯದ ರೂಪ, ಅದರಲ್ಲೂ ಆರ್ಸೆನೈಟ್‌ನಲ್ಲಿರುವ ಹಾಗೆ ಆರ್ಸೆನಿಕ್‌ನ ವೇಲೆನ್ಸಿ ಮೂರು ಇರುವ ರೂಪ, ಮೂಲ ಆರ್ಸೆನೈಟ್‌ಗಿಂತಲೂ ಜಾಸ್ತಿ ವಿಷ. ಮೊದಲ ಹೆಜ್ಜೆ ಬೇಗ ಆಗಿ ಎರಡನೆಯದು ನಿಧಾನ ಆದವರಿಗೆ ಕಷ್ಟ ಜಾಸ್ತಿ. ಒಂದೇ ಬಾವಿ ನೀರು ಕುಡಿದ ಒಂದೇ ಮನೆಯಲ್ಲಿ ಒಬ್ಬರ ಅಂಗೈ ದಡ್ಡುಗಟ್ಟಿ ಇನ್ನೊಬ್ಬರು ಆರಾಮಾಗಿರುವುದಕ್ಕೆ ಇದೂ ಒಂದು ಕಾರಣ. ಅರ್ಜೆಂಟೀನಾದ ಸ್ಯಾನ್ ಆಂಟೋನಿಯೋ ದೆ ಲೋಸ್ ಕೊಬ್ರೆಸ್ ಅನ್ನೋ ಊರಿನ ಜನ ತಲೆತಲಾಂತರದಿಂದ ಆರ್ಸೆನಿಕ್ ನೀರು ಕುಡಿದು ಬಂದವರು. ಅವರಲ್ಲಿ ಈ ಕಿಣ್ವದ ಜೀನ್ ಎರಡನೇ ಹೆಜ್ಜೆಯನ್ನು ಚೆನ್ನಾಗಿ ಮುಗಿಸುವ ಬಗೆಯದು ಹೆಚ್ಚಾಗಿ ಉಳಿದುಕೊಂಡಿದೆ.

ಮೀಥೈಲ್ ಎಲ್ಲಿಂದ ಬರಬೇಕು? ಫೋಲೇಟ್ ಚಕ್ರದಿಂದ, ಫೋಲೇಟ್ ಅಂದರೆ ಸೊಪ್ಪಿನಲ್ಲಿ ಸಿಗುವ ಒಂದು ಬಿ ವಿಟಮಿನ್. ಬಾಂಗ್ಲಾದೇಶದಲ್ಲಿ ಫೋಲೇಟ್ ಕಡಿಮೆ ಇದ್ದವರಿಗೆ ಫೋಲಿಕ್ ಆಮ್ಲ ಕೊಟ್ಟು ನೋಡಿದಾಗ ರಕ್ತದ ಆರ್ಸೆನಿಕ್ ಇಳಿದಿದ್ದು ಕಂಡಿದೆ. ಹಾಗಂತ ಸೊಪ್ಪು ತಿಂದು ಕೆಟ್ಟ ನೀರು ಕುಡಿಯಬಹುದು ಅಂತ ಯಾರೂ ಅಂದುಕೊಳ್ಳಬೇಡಿ. ನೀರು ಬದಲಿಸುವುದು ಒಂದೇ ನಿಜವಾದ ಚಿಕಿತ್ಸೆ.

ಮೈಮೇಲೆ ಕಾಣುವುದು ಏನು ಅಂತ ಎಲ್ಲರಿಗೂ ಗೊತ್ತಿರಬೇಕು. ಎದೆ, ಬೆನ್ನಿನ ಮೇಲೆ ಮಳೆ ಹನಿ ಬಿದ್ದ ಗುರುತಿನಂಥ ಕಪ್ಪು ಬಿಳಿ ಚುಕ್ಕೆಗಳು. ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು, ಕೈಯಾಡಿಸಿದರೆ ಮರಳು ಕಾಗದದ ಹಾಗೆ ಒರಟು. ಇವು ಬರಲು ಎಷ್ಟೋ ವರ್ಷ ಹಿಡಿಯುತ್ತದೆ. ಆಮೇಲೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ. ಇದು ಅಂಟುರೋಗ ಅಲ್ಲ, ದಯವಿಟ್ಟು ನೆನಪಿಟ್ಟುಕೊಳ್ಳಿ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಇಂಥ ಚರ್ಮದ ಲಕ್ಷಣಗಳು ಬಂದಿದ್ದವು, ಹಳೇ ಚಿನ್ನದ ಗಣಿ ಇದ್ದ ಜಾಗ ಅದು. 2013ರಲ್ಲಿ ಅದರ ಮೇಲೆ ಅಧ್ಯಯನವೂ ಪ್ರಕಟವಾಯಿತು. ಕರ್ನಾಟಕದಲ್ಲಿ ಆರ್ಸೆನಿಕ್ ಇಲ್ಲವೇ ಇಲ್ಲ, ಅದೆಲ್ಲ ಬಂಗಾಳದ ತಲೆನೋವು ಅಂತ ಹೇಳುವವರು ಇನ್ನೂ ಇದ್ದಾರೆ. ಅದನ್ನು ಕೇಳಿದರೆ ನನಗೆ ಸಂಕಟ ಆಗುತ್ತದೆ.

ಇನ್ನೊಂದು ಮಾತು. ಗಂಧಕ ಹಿಡಿಯುವ ಅದೇ ಗುಣ ಔಷಧವೂ ಆಗಿದೆ. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ, ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಅಂತ, ಆರ್ಸೆನಿಕ್ ಟ್ರೈಆಕ್ಸೈಡ್ ಕೊಡುತ್ತಾರೆ. ಅದು ರೋಗಕ್ಕೆ ಮೂಲವಾದ ಪ್ರೋಟೀನ್‌ನ ಸಿಸ್ಟೀನ್‌ಗಳಿಗೇ ಅಂಟಿ ಆ ಪ್ರೋಟೀನ್ ಕರಗಿಹೋಗುವ ಹಾಗೆ ಮಾಡುತ್ತದೆ. ಚೀನಾದ ಹಾರ್ಬಿನ್‌ನಲ್ಲಿ 1970ರ ದಶಕದಲ್ಲಿ ಶುರುವಾದ ಕೆಲಸ.

ಭದ್ರಾ ಬಯಲು

ನಾನು ಹರಿಹರ ಕಡೆಯ ಭತ್ತದ ರೈತ. ಇಲ್ಲಿ ಬರೆದಿದ್ದರಲ್ಲಿ ಅರ್ಧ ಅರ್ಥ ಆಯ್ತು, ಅರ್ಧ ಆಗಲಿಲ್ಲ, ಆದರೂ ಕೊನೆವರೆಗೂ ಓದಿದೆ. ನನ್ನದೊಂದು ಪ್ರಶ್ನೆ. ಭತ್ತದಲ್ಲಿ ಆರ್ಸೆನಿಕ್ ಸೇರುತ್ತದೆ ಅಂತ ಮೊಬೈಲ್‌ನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ, ಅನ್ನ ತಿನ್ನಬೇಡಿ ಅಂತೆ. ನಮ್ಮದು ಪೂರ್ತಿ ಭದ್ರಾ ನಾಲೆ ನೀರು. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸುತ್ತೇವೆ. ಬೇರೆ ಬೆಳೆಗೆ ಇಲ್ಲದ್ದು ಭತ್ತಕ್ಕೆ ಯಾಕೆ? ಹೆದರಬೇಕಾ?

ಹೊಳಲ್ಕೆರೆ ಕಿಣ್ವ

ಅಣ್ಣ, ನೀವು ಕೇಳಿದ್ದರಲ್ಲೇ ಉತ್ತರ ಇದೆ, ನೀರು ನಿಲ್ಲಿಸುತ್ತೇವೆ ಅಂದಿರಲ್ಲ. ನಿಂತ ನೀರಿನ ಕೆಳಗೆ ಮಣ್ಣಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಗದ್ದೆ ತುಳಿದಾಗ ಕಪ್ಪು ಕೆಸರು, ಕೊಳೆತ ವಾಸನೆ ಬರುತ್ತದಲ್ಲ, ಅದು ಆ ಸ್ಥಿತಿ. ಆಮ್ಲಜನಕ ಇಲ್ಲದಾಗ ಅಲ್ಲಿನ ಬ್ಯಾಕ್ಟೀರಿಯಾ ಕಬ್ಬಿಣದ ತುಕ್ಕನ್ನು ಉಸಿರಾಟಕ್ಕೆ ಬಳಸುತ್ತವೆ. ಕೆಂಪು ಮಣ್ಣಿನ ತುಕ್ಕು ಕರಗುತ್ತದೆ, ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಬಿಡುತ್ತದೆ, ಬಿಟ್ಟದ್ದು ಆರ್ಸೆನೈಟ್ ಆಗುತ್ತದೆ. ಭತ್ತ ಮಣ್ಣಿಂದ ಸಿಲಿಕಾ ಜಾಸ್ತಿ ಎಳೆದುಕೊಳ್ಳುವ ಪೈರು, ಹೊಟ್ಟು ಅಷ್ಟು ಗಡಸು ಇರುವುದು ಅದಕ್ಕೇ. ಸಿಲಿಕಾ ಒಳಗೆ ತರುವ ಬಾಗಿಲಿಂದಲೇ ಆರ್ಸೆನೈಟೂ ಬೇರಿಗೆ ಹೋಗುತ್ತದೆ. ರಾಗಿ, ಮೆಕ್ಕೆಜೋಳದ ಹೊಲದಲ್ಲಿ ಮಣ್ಣಿಗೆ ಗಾಳಿ ಆಡುತ್ತದೆ, ಆರ್ಸೆನಿಕ್ ತುಕ್ಕಿಗೆ ಅಂಟಿಕೊಂಡೇ ಇರುತ್ತದೆ.

ಆದರೆ ಮಣ್ಣಲ್ಲಿ, ನೀರಲ್ಲಿ ಇದ್ದರೆ ತಾನೇ ಪೈರಿಗೆ ಬರಬೇಕು. ಬಂಗಾಳ, ಬಾಂಗ್ಲಾದೇಶದಲ್ಲಿ ಹೆಚ್ಚು ಆಳ ಇಲ್ಲದ ಕೊಳವೆ ಬಾವಿ ನೀರೇ ಆರ್ಸೆನಿಕ್ ನೀರು, ಬೇಸಿಗೆ ಭತ್ತಕ್ಕೆ ವರ್ಷಾನುವರ್ಷ ಅದನ್ನೇ ಹಾಯಿಸಿದರು. ಅಲ್ಲಿ ಹಿಮಾಲಯದಿಂದ ಹೊತ್ತು ತಂದ ಎಳೇ ಮೆಕ್ಕಲು ಮಣ್ಣು, ನಮ್ಮದು ಗಟ್ಟಿ ಬಂಡೆಯ ನೆಲ. ನೀವು ಹಾಯಿಸುವುದು ಹೊಳೆ ನೀರು. ಆ ವಿಡಿಯೋ ಮಾತು ಕೇಳಿ ಅನ್ನ ಬಿಡಬೇಕಾಗಿಲ್ಲ. ಮಧ್ಯೆ ಮಧ್ಯೆ ಗದ್ದೆ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಕಾಳಿಗೆ ಹೋಗುವ ಆರ್ಸೆನಿಕ್ ಕಡಿಮೆ ಆಗುತ್ತದೆ, ನೀರೂ ಉಳಿಯುತ್ತದೆ, ಮಾಡಿದರೆ ಒಳ್ಳೆಯದೇ. ಅತಿಯಾಗಿ ಒಣಗಿಸಿದರೆ ಕ್ಯಾಡ್ಮಿಯಂ ಹೀರಿಕೊಳ್ಳುವುದು ಜಾಸ್ತಿ ಆಗುತ್ತದೆ, ಅದೂ ಬೇಡ. ಅಡುಗೆಯಲ್ಲಿ ಜಾಸ್ತಿ ನೀರಿಟ್ಟು ಬಸಿದ ಅನ್ನದಲ್ಲಿ ಆರ್ಸೆನಿಕ್ ಗಣನೀಯವಾಗಿ ಇಳಿಯುತ್ತದೆ, ಅಡುಗೆ ನೀರು ಶುದ್ಧ ಇದ್ದರೆ ಮಾತ್ರ.

ಹಳೇಪೇಟೆ

ನಾಸಾದವರು ಆರ್ಸೆನಿಕ್‌ನಿಂದಲೇ ಡಿಎನ್‌ಎ ಕಟ್ಟಿಕೊಂಡ ಬ್ಯಾಕ್ಟೀರಿಯಾ ಕಂಡುಹಿಡಿದರು ಅಂತ ಓದಿದ್ದೆ. ವಿಷವನ್ನೇ ಹೊರಗೆ ಹಾಕದೆ ಬಳಸಿಕೊಳ್ಳುವುದಾದರೆ ಈ ಪಂಪು ಗಿಂಪು ಯಾಕೆ ಬೇಕು? ಸೆಮಿನಾರಿನಲ್ಲಿ ಅದನ್ನೂ ಸೇರಿಸಿ.

ಹಿರಿಯೂರು ಡಾಕ್ಟ್ರು

ಸೇರಿಸುವುದಾದರೆ ಪೂರ್ತಿ ಕಥೆ ಸೇರಿಸಿ. 2010ರ ಡಿಸೆಂಬರ್‌ನಲ್ಲಿ ಆ ಸುದ್ದಿ ಬಂತು, ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಬ್ಯಾಕ್ಟೀರಿಯಾ, ಜಿಎಫ್ಎಜೆ-ಒಂದು ಅಂತ ಹೆಸರು. 2012ರಲ್ಲಿ ಬೇರೆ ತಂಡಗಳು ಪರೀಕ್ಷಿಸಿದಾಗ ಅದರ ಡಿಎನ್‌ಎಯಲ್ಲಿ ಆರ್ಸೆನಿಕ್ ಸೇರಿಕೊಂಡದ್ದು ಸಿಗಲಿಲ್ಲ. ಫಾಸ್ಫೇಟ್ ಚೂರು ಇಲ್ಲದೆ ಅದು ಬೆಳೆಯಲೂ ಇಲ್ಲ. 2025ರ ಜುಲೈನಲ್ಲಿ ಸೈನ್ಸ್ ಪತ್ರಿಕೆ ಆ ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡಿತು, ಬರೆದವರು ಒಪ್ಪಲಿಲ್ಲ ಅನ್ನೋದೂ ನಿಜ. ಇದರಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿ ಹೊರಬಂತು. ಆ ಬ್ಯಾಕ್ಟೀರಿಯಾ ಫಾಸ್ಫೇಟ್ ಹಿಡಿಯಲು ಇಟ್ಟುಕೊಂಡ ಒಂದು ಪ್ರೋಟೀನ್ ಆರ್ಸೆನೇಟ್‌ಗಿಂತ ಫಾಸ್ಫೇಟನ್ನು ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿ ಆರಿಸಿಕೊಳ್ಳುತ್ತದೆ. ಆರ್ಸೆನಿಕ್ ತುಂಬಿದ ಕೆರೆಯಲ್ಲಿ ಅದು ಬದುಕಿರುವುದು ಬಾಗಿಲಲ್ಲೇ ಅಷ್ಟು ಕಟ್ಟುನಿಟ್ಟಾಗಿ ಆರಿಸುವುದರಿಂದ.

ಆರ್ಸೆನಿಕ್ ಬಳಸಿಕೊಳ್ಳುವ ಸೂಕ್ಷ್ಮಜೀವಿ ಬೇಕು ಅಂದರೆ ಬೇರೆ ಉದಾಹರಣೆ ಇದೆ. ಭತ್ತದ ಬೇರಿನ ಹತ್ತಿರ ಇರುವ ಬರ್ಖೋಲ್ಡೇರಿಯಾ ಅನ್ನೋ ಬ್ಯಾಕ್ಟೀರಿಯಾ ಆರ್ಸಿನೋತ್ರಿಸಿನ್ ಅನ್ನೋ ಆಂಟಿಬಯೋಟಿಕ್ ಮಾಡುತ್ತದೆ, ಅದರ ಅಣುವಿನೊಳಗೇ ಆರ್ಸೆನಿಕ್ ಇದೆ. ಪಕ್ಕದ ಬ್ಯಾಕ್ಟೀರಿಯಾಗಳ ಗ್ಲುಟಮಿನ್ ಕಟ್ಟುವ ಕಿಣ್ವವನ್ನು ಅದು ನಿಲ್ಲಿಸುತ್ತದೆ. 1910ರಲ್ಲಿ ಎರ್ಲಿಕ್ ಸಿಫಿಲಿಸ್‌ಗೆ ಆರ್ಸೆನಿಕ್ ಔಷಧ ಕೊಟ್ಟರು ಅಂತ ಓದುತ್ತೇವೆ, ಬ್ಯಾಕ್ಟೀರಿಯಾಗಳಿಗೂ ಆ ವಿದ್ಯೆ ಗೊತ್ತಿದೆ.

ಲೋಟದ ನೀರು

ತಂಗಿ, ನಿಮ್ಮ ಅಪ್ಪನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನೀರು ಪರೀಕ್ಷೆ ನನ್ನ ಕೆಲಸ, ಆದ್ದರಿಂದ ಹೇಳುತ್ತೇನೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ತೊಂದರೆ ಫ್ಲೋರೈಡ್. ಘಟಕಗಳು ಬಂದಿದ್ದೂ ಹೆಚ್ಚಾಗಿ ಅದಕ್ಕೇ. ಜನ ಫ್ಲೋರೈಡ್ ಹೋದರೆ ಎಲ್ಲವೂ ಹೋಯಿತು ಅಂದುಕೊಳ್ಳುತ್ತಾರೆ. ಆರ್ಸೆನಿಕ್ ವಿಷಯದಲ್ಲಿ ಹಾಗಲ್ಲ. ಚಿನ್ನ, ತಾಮ್ರದ ಸಲ್ಫೈಡ್ ಅದಿರಿನ ಜೊತೆ ಆರ್ಸೆನೋಪೈರೈಟ್ ಅನ್ನೋ ಆರ್ಸೆನಿಕ್, ಕಬ್ಬಿಣ, ಗಂಧಕದ ಕಲ್ಲು ಬರುವುದು ಸಾಮಾನ್ಯ, ಆದ್ದರಿಂದ ಅಪ್ಪನಿಗೆ ಬಂದ ಅನುಮಾನ ಸರಿಯಾದದ್ದೇ. ಆದರೆ ಗಣಿ ಇದೆ ಅಂದ ಮಾತ್ರಕ್ಕೆ ನೀರಲ್ಲಿ ಇದೆ ಅಂತಲೂ ಅಲ್ಲ. ಆ ಕಲ್ಲನ್ನು ಗಾಳಿ, ನೀರು, ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಸೇರಿ ಕರಗಿಸಿದಾಗ ಆರ್ಸೆನಿಕ್ ಜೊತೆ ಕಬ್ಬಿಣವೂ ಬಿಡುಗಡೆ ಆಗುತ್ತದೆ, ಕಬ್ಬಿಣ ತುಕ್ಕಾಗಿ ಆರ್ಸೆನಿಕ್‌ನ ಬಹುಪಾಲು ಅಲ್ಲೇ ಹಿಡಿದಿಟ್ಟುಕೊಳ್ಳಬಹುದು. ಪರೀಕ್ಷೆ ಮಾಡದೆ ಹೇಳಲು ಬರುವುದೇ ಇಲ್ಲ. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿ ಆಗುತ್ತದೆ.

ಈಗ ಆರ್‌ಓ, ಅಂದರೆ ಒತ್ತಡ ಹಾಕಿ ನೀರನ್ನು ತೆಳು ಪೊರೆಯಲ್ಲಿ ಸೋಸುವ ಘಟಕ. ಇಲ್ಲಿ ನಿಮ್ಮ ಸೆಮಿನಾರಿನ ವಿಷಯವೇ ಕೆಲಸಕ್ಕೆ ಬರುತ್ತದೆ. ಆರ್ಸೆನೇಟ್ ವಿದ್ಯುದಂಶ ಹೊತ್ತಿರುತ್ತದೆ, ಪೊರೆ ಅದನ್ನು ಚೆನ್ನಾಗಿ ತಡೆಯುತ್ತದೆ. ಆರ್ಸೆನೈಟ್ ಕುಡಿಯುವ ನೀರಲ್ಲಿ ವಿದ್ಯುದಂಶವೇ ಇಲ್ಲದೆ ತಟಸ್ಥವಾಗಿರುತ್ತದೆ, ಪೊರೆಯಲ್ಲಿ ಒಂದಷ್ಟು ನುಸುಳಿ ಹೋಗುತ್ತದೆ. ಆಳದ ಬೋರ್ ನೀರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಅಲ್ಲಿ ಆರ್ಸೆನೈಟ್ ಇರುವ ಸಾಧ್ಯತೆ ಜಾಸ್ತಿ. ಅದಕ್ಕೇ ಆರ್ಸೆನಿಕ್ ಇರುವ ಕಡೆ ಮೊದಲು ಕ್ಲೋರಿನ್ ಥರದ್ದು ಹಾಕಿ ಆರ್ಸೆನೇಟ್ ಮಾಡಿಕೊಂಡು, ಉಳಿದ ಕ್ಲೋರಿನ್ ತೆಗೆದು, ಆಮೇಲೆ ಪೊರೆಗೆ ಬಿಡಬೇಕು, ಕ್ಲೋರಿನ್ ಹಾಗೇ ಹೋದರೆ ಪೊರೆ ಹಾಳಾಗುತ್ತದೆ. ಗ್ರೀನ್ ಅವರ ತೊಟ್ಟಿಯಲ್ಲಿದ್ದಂಥ ಬ್ಯಾಕ್ಟೀರಿಯಾಗಳನ್ನು ಮರಳಿನ ಮೇಲೆ ಬೆಳೆಸಿ ಇದೇ ಕೆಲಸ ಮಾಡಿಸುವ ಶೋಧಕಗಳೂ ಇವೆ. ಇನ್ನೊಂದು ಮಾತು ಕೇಳಿ, ಘಟಕದಿಂದ ಹೊರಗೆ ಬಿಡುವ ತ್ಯಾಜ್ಯ ನೀರಲ್ಲಿ ತಡೆದದ್ದೆಲ್ಲ ಗಟ್ಟಿಯಾಗಿ ಇರುತ್ತದೆ. ಅದನ್ನು ದನದ ತೊಟ್ಟಿಗೆ ಬಿಡುವುದನ್ನು ನಾನು ನೋಡಿದ್ದೇನೆ, ದಯವಿಟ್ಟು ಬೇಡ.

ಹಳ್ಳಿಯಲ್ಲೇ ಮಾಡುವ ಕಿಟ್ ಇದೆ. ಚಿಕ್ಕ ಬಾಟಲಿಗೆ ನೀರು ಹಾಕಿ, ಆಮ್ಲದ ಪುಡಿ ಮತ್ತು ಸತುವಿನ ಪುಡಿ ಹಾಕಿ ಮುಚ್ಚಿಬಿಡುತ್ತೇವೆ. ಗುಳ್ಳೆ ಏಳುತ್ತದೆ. ಆರ್ಸೆನಿಕ್ ಇದ್ದರೆ ಆರ್ಸೈನ್ ಅನಿಲವಾಗಿ ಮೇಲೆ ಬರುತ್ತದೆ, ಮುಚ್ಚಳದಲ್ಲಿ ಸಿಕ್ಕಿಸಿದ ಮರ್ಕ್ಯುರಿಕ್ ಬ್ರೋಮೈಡ್ ಕಾಗದದ ತುದಿ ಬೆಳ್ಳಗಿದ್ದದ್ದು ನಿಂಬೆ ಹಳದಿ, ಜಾಸ್ತಿ ಇದ್ದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಪಟ್ಟಿ ಪಕ್ಕ ಹಿಡಿದು ನೋಡಬೇಕು. ಆ ಅನಿಲ ತುಂಬಾ ಕೆಟ್ಟದ್ದು, ಬಯಲಲ್ಲೇ ಮಾಡಬೇಕು, ಮೂಗಿನ ಹತ್ತಿರ ತರಬಾರದು. ನಮ್ಮ ದೇಶದ ಕುಡಿಯುವ ನೀರಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದೂ ಅಷ್ಟೇ. ಅಷ್ಟು ಕಡಿಮೆ ಇದ್ದಾಗ ಕಾಗದದ ಹಳದಿ ಎಷ್ಟು ತೆಳು ಇರುತ್ತದೆ ಅಂದರೆ ಇಬ್ಬರು ನೋಡಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ಆದ್ದರಿಂದ ಕಿಟ್‌ನಲ್ಲಿ ಏನೇ ಬಂದರೂ ಪ್ರಯೋಗಾಲಯಕ್ಕೆ ಕಳಿಸಿ. ಆರ್ಸ್-ಆರ್ ಕಾವಲು ಪ್ರೋಟೀನನ್ನೇ ಬಳಸಿ ಆರ್ಸೆನಿಕ್ ಕಂಡಾಗ ಆಮ್ಲತೆ ಬದಲಿಸಿ, ಸೂಚಕದ ಬಣ್ಣದಲ್ಲಿ ಅದನ್ನು ತೋರಿಸುವ ಬ್ಯಾಕ್ಟೀರಿಯಾವನ್ನು 2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ್ದರು. ನಿಮ್ಮಂಥ ವಿದ್ಯಾರ್ಥಿಗಳೇ, ಓದಿ ನೋಡಿ.

ಕಣಿವೆ ಹುಡುಗಿ

ಎಲ್ಲರಿಗೂ ಧನ್ಯವಾದ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಸೆಮಿನಾರ್ ಮುಗಿಸಿ ಊರಿಗೆ ಹೋದಾಗ ಬೋರ್ ನೀರು ತರುತ್ತೇನೆ. ಆರ್ಸೆನೈಟ್ ಎಷ್ಟು, ಆರ್ಸೆನೇಟ್ ಎಷ್ಟು ಅಂತ ಬೇರೆ ಬೇರೆ ಗೊತ್ತಾಗಬೇಕು ಅಂದರೆ ಬಾಟಲಿ ತುಂಬುವಾಗ ಏನು ಮಾಡಬೇಕು?

ಲೋಟದ ನೀರು

ಮೊದಲು ಮೋಟಾರ್ ಸ್ವಲ್ಪ ಹೊತ್ತು ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ನೀರು ಮೇಲೆ ಬಂದು ಗಾಳಿ ತಾಗಿದ ಮೇಲೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ, ಆರ್ಸೆನಿಕ್ ಅದರ ಜೊತೆ ಕೂರುತ್ತದೆ. ದಾವಣಗೆರೆಗೆ ಬರುವಷ್ಟರಲ್ಲಿ ಮೇಲಿನ ನೀರು ಚೆನ್ನಾಗಿದೆ ಅಂತ ವರದಿ ಬರಬಹುದು. ಹಾಗಾಗಿ ಬಾವಿ ಹತ್ತಿರವೇ ಸೋಸಿ, ಅಲ್ಲೇ ಆಮ್ಲ ಹಾಕಿ, ಬಾಟಲಿ ಕತ್ತು ತುಂಬಿಸಿ ಗಾಳಿ ಉಳಿಯದ ಹಾಗೆ ಮುಚ್ಚಿ, ಬಿಸಿಲು ಬೀಳದ ಹಾಗೆ ಐಸ್ ಇಟ್ಟು ತನ್ನಿ. ಒಟ್ಟು ಆರ್ಸೆನಿಕ್‌ಗೆ ನೈಟ್ರಿಕ್ ಆಮ್ಲ ಸಾಕು. ಎರಡು ರೂಪ ಬೇರೆ ಬೇರೆ ಬೇಕಾದರೆ ಆಮ್ಲ ಯಾವುದು, ಬಾಟಲಿ ಯಾವುದು ಅಂತ ಪರೀಕ್ಷೆ ಮಾಡುವ ಪ್ರಯೋಗಾಲಯದವರನ್ನೇ ಮುಂಚೆ ಕೇಳಿ ಅವರ ಬಾಟಲಿಯನ್ನೇ ತೆಗೆದುಕೊಂಡು ಹೋಗಿ. ಊರಲ್ಲಿ ಎಷ್ಟು ಬೋರ್ ಇದೆಯೋ ಅಷ್ಟಕ್ಕೂ ಬೇರೆ ಬೇರೆ ಬಾಟಲಿ ಮಾಡಿ, ಗಟ್ಟಿ ಬಂಡೆಯ ನೆಲದಲ್ಲಿ ಅಕ್ಕಪಕ್ಕದ ಎರಡು ಬೋರ್‌ಗಳ ನೀರೂ ಒಂದೇ ಥರ ಇರಬೇಕಂತಿಲ್ಲ. ಘಟಕಕ್ಕೆ ಒಳಗೆ ಹೋಗುವ ನೀರು ಒಂದು ಬಾಟಲಿ, ಹೊರಗೆ ಬರುವ ನೀರು ಒಂದು ಬಾಟಲಿ, ಇದನ್ನು ಮರೆಯಬೇಡಿ.